ಒಗೆಯದ ಗವಸು

ಮೌನವಾಗಿ ಕೂತವರೂ ಹೇಲುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತು ದಿನ ಯಾರ ಜೊತೆಗೂ ಮಾತಾಡದೆ, ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಲೋಕಕ್ಕೆಲ್ಲ ಒಳ್ಳೆಯದಾಗಲಿ ಎಂದು ಹಾರೈಸುವವರು ಕಕ್ಕಸಿಗೆ ನೀರು ಹಾಕದೆ ಎದ್ದು ಬರುತ್ತಾರೆ. ನೀರು ಹಾಕಿದರೆ ಸದ್ದಾಗುತ್ತದಂತೆ. ಏಳು ವರ್ಷ ಆ ಸದ್ದು ಮಾಡುವ ಕೆಲಸ ನನ್ನದಾಗಿತ್ತು.

ಆ ಜಾಗಕ್ಕೆ ಒಂದು ಉದ್ದನೆಯ ಹೆಸರಿದೆ. ಧ್ಯಾನ, ಅರಿವು, ಕೇಂದ್ರ ಎಲ್ಲ ಅದರಲ್ಲಿ ಬರುತ್ತವೆ. ಕೆಲಸದವರು ನಾವು ಅದನ್ನು ಸುಮ್ಮನಿರೋ ಮನೆ ಎನ್ನುತ್ತಿದ್ದೆವು. ನಮಗೆ ನಿಯಮಗಳಿದ್ದವು. ಚಪ್ಪಲಿ ಹಾಕಬಾರದು, ಪಟಪಟ ಎನ್ನುತ್ತದೆ. ಕೆಮ್ಮು ಬಂದರೆ ಹಿತ್ತಲಿಗೆ ಓಡಬೇಕು. ಅತಿಥಿ ಎದುರಿಗೆ ಬಂದರೆ ಕಂಬದ ಮರೆಗೆ ಸರಿಯಬೇಕು. ಕಂಬವಿಲ್ಲದಿದ್ದರೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಇಲ್ಲದಿದ್ದರೆ ಅವರ ಏಕಾಗ್ರತೆ ಒಡೆಯುತ್ತದೆ ಎಂದಿದ್ದರು. ನನ್ನ ಮುಖ ಕಂಡರೆ ಒಡೆದುಹೋಗುವಂಥ ಏಕಾಗ್ರತೆ ಯಾವ ಸೀಮೆಯದೋ ನನಗೆ ತಿಳಿಯದು.

ಬೆಳಿಗ್ಗೆ ಹದಿನೆಂಟು ಕಕ್ಕಸು ತೊಳೆಯಬೇಕು. ಆಮೇಲೆ ಬಟ್ಟೆ ಒಗೆಯುವ ಕೋಣೆ. ಹಾಸಿಗೆಯ ಬಟ್ಟೆಗಳಿಗೆ ಮೆಷಿನ್ ಇತ್ತು. ಕೂರುವ ಮೆತ್ತೆಗಳ ಗವಸಿಗೆ ಇರಲಿಲ್ಲ. ಅವಕ್ಕೆ ಹಾಕಿದ್ದು ಗಿಡದ ಬಣ್ಣ, ಮೆಷಿನ್‌ಗೆ ಹಾಕಿದರೆ ಬಿಡುತ್ತದೆ, ಕೈಯಲ್ಲೇ ಒಗೆಯಬೇಕು. ಇನ್ನೂರ ಹತ್ತು ಗವಸು. ಒಂದೊಂದು ಶಿಬಿರ ಮುಗಿದ ಮೇಲೂ ಇನ್ನೂರ ಹತ್ತು. ಬೆವರು, ತಲೆಯೆಣ್ಣೆ, ಕಣ್ಣೀರು, ಸಿಂಬಳ. ಅಲ್ಲಿ ಅಳುವವರು ಬಹಳ. ಸೋಪಿನ ಪುಡಿಗೆ ನನ್ನ ಬೆರಳ ಸಂದು ಬಿರಿಯುತ್ತಿತ್ತು. ಬಿರಿದ ಕಡೆ ಗಿಡದ ಬಣ್ಣ ಇಳಿದು ಉರಿಯುತ್ತಿತ್ತು. ಊಟ ಮಾಡುವಾಗ ಎಡಗೈಯಲ್ಲಿ ಉಪ್ಪು ಮುಟ್ಟಿದರೂ ಜೀವ ಹೋದಂತಾಗುತ್ತಿತ್ತು.

ನಮ್ಮ ಮೇಸ್ತ್ರಿ ನಮ್ಮನ್ನು ಕೂಗಿ ಕರೆಯುವಂತಿರಲಿಲ್ಲ, ಅದೂ ಸದ್ದು. ಬೆರಳಲ್ಲಿ ಚಿಟಿಕೆ ಹೊಡೆಯುತ್ತಿದ್ದ. ಒಂದು ಚಿಟಿಕೆ ಎಂದರೆ ನಾನು, ಎರಡು ಎಂದರೆ ಅಡುಗೆಯವಳು, ಮೂರು ಎಂದರೆ ತೋಟದವನು. ನಾವು ಅವನಿಗೆ ಚಿಟಿಕೆ ಎಂದೇ ಹೆಸರಿಟ್ಟೆವು.

ಮನೆಗೆಲ್ಲ ಯಜಮಾನನಾದ ಗುರು ಮೊದಲು ಜಾಹೀರಾತು ಮಾಡುತ್ತಿದ್ದನಂತೆ. ಸೋಪಿನದು, ಬಿಸ್ಕತ್ತಿನದು. ಐವತ್ತು ದಾಟಿದ್ದರೂ ಮುಖದ ಮೇಲೆ ಒಂದು ಗೆರೆಯಿಲ್ಲ. ‘ಉಸಿರನ್ನು ಗಮನಿಸಿ’ ಎನ್ನುವುದು ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತು ಕಡಿಮೆ. ಅಡುಗೆಯವಳು ಕುದಿಯುವ ಎಣ್ಣೆಯಲ್ಲಿ ಕೈ ಸುಟ್ಟುಕೊಂಡು ಒದ್ದಾಡುವಾಗಲೂ ಬಂದು ನಿಂತು ಅದನ್ನೇ ಹೇಳಿದ. ಅವತ್ತಿನಿಂದ ಅವನು ನಮಗೆ ಉಸಿರಪ್ಪ.

ನಮಗೂ ಬುದ್ಧನಿಗೂ ಸಂಬಂಧವಿದೆ ಎನ್ನುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರೂ ಇಲ್ಲ.

ನಮ್ಮ ಕೇರಿ ದೊಡ್ಡ ಚರಂಡಿಯ ದಂಡೆಯಲ್ಲಿದೆ. ನಮ್ಮ ಹಿರಿಯರು ಊರಿನ ಮಲ ಹೊತ್ತವರು. ಕೈಗಾಡಿಗೆ ತುಂಬಿ, ದಿಬ್ಬ ಹತ್ತಿಸಿ, ಆಚೆ ಸುರಿದು ಬರುತ್ತಿದ್ದರು. ನಮ್ಮ ಕೈಯಿಂದ ಯಾರೂ ನೀರು ಇಸಿದುಕೊಂಡು ಕುಡಿಯುತ್ತಿರಲಿಲ್ಲ. ನಮ್ಮ ಮಾವ, ನನ್ನ ಗಂಡನ ಅಪ್ಪ, ಇಪ್ಪತ್ತರ ಪ್ರಾಯದಲ್ಲಿದ್ದಾಗ ಒಂದು ಬೆಳಿಗ್ಗೆ ಕೇರಿಗೆ ಕೇರಿಯೇ ಬಯಲಿಗೆ ಹೋಗಿ ಬುದ್ಧನಿಗೆ ಶರಣು ಹೋಯಿತು. ಮನಸ್ಸಿಗೆ ಶಾಂತಿ ಬೇಕು ಎಂದಲ್ಲ. ಮನುಷ್ಯರು ಅನ್ನಿಸಿಕೊಳ್ಳಬೇಕು ಎಂದು. ಬಯಲಿನಿಂದ ಬಂದವರು ಮೊದಲು ಮಾಡಿದ ಕೆಲಸ ಕೈಗಾಡಿಗಳನ್ನು ಒಡೆದದ್ದು. ಆ ಸೌದೆಯಲ್ಲಿ ಅನ್ನ ಬೇಯಿಸಲು ಯಾರಿಗೂ ಮನಸ್ಸಾಗದೆ ಬೀದಿಯಲ್ಲೇ ಸುಟ್ಟು ಹಾಕಿದರಂತೆ. ಗಾಡಿ ಹೋಯಿತು. ಪೊರಕೆ ಹೋಗಲಿಲ್ಲ. ಅದು ಬೇರೆ ಮಾತು.

ಶರಣು ಹೋಗುವ ಮಾತುಗಳನ್ನು ಕಲಿಸಿದ ಭಿಕ್ಷು ಮೂರು ದಿನ ಇದ್ದು ಮುಂದಿನ ಊರಿಗೆ ಹೋದ. ಮಾತು ನೆನಪುಳಿಯಿತು, ರಾಗ ಮರೆತುಹೋಯಿತು. ಕೇರಿಯವರಿಗೆ ಬಾಯಿಗೆ ಬರುತ್ತಿದ್ದ ರಾಗ ಒಂದೇ, ಗಾಡಿ ದಬ್ಬುವಾಗಿನದು. ಅದರಲ್ಲೇ ಹೇಳಿಕೊಂಡರು. ದಿಬ್ಬದ ಮೇಲೆ ಉಸಿರು ಎಲ್ಲಿ ಕಟ್ಟುತ್ತಿತ್ತೋ ಅಲ್ಲೇ ಮಾತು ನಿಲ್ಲುತ್ತದೆ. ಇನ್ನೊಂದು ದಬ್ಬು, ಮತ್ತೆ ಮಾತು. ನಮ್ಮ ಅತ್ತೆ ಇವತ್ತಿಗೂ ಹಾಗೇ ಹೇಳುತ್ತಾರೆ.

ಕೇರಿಯ ತುದಿಯಲ್ಲಿ ತಗಡಿನ ಸೂರಿನ ಒಂದು ಕೋಣೆ ಇದೆ. ಮಾವ ಆಮೇಲೆ ಗಾರೆ ಕೆಲಸ ಕಲಿತಿದ್ದರು, ಕೆಲಸದಲ್ಲಿ ಉಳಿದ ಸಿಮೆಂಟ್ ತಂದು ಒಂದು ಬುದ್ಧನನ್ನು ಮಾಡಿ ಅಲ್ಲಿ ಕೂರಿಸಿದ್ದಾರೆ. ಅವನ ಒಂದು ಕಿವಿ ಇನ್ನೊಂದಕ್ಕಿಂತ ಉದ್ದ. ಮಾವ ಹೋದ ಮೇಲೆ ಕೋಣೆ ಅತ್ತೆಯದು. ಸಂಜೆ ದೀಪ ಹಚ್ಚಿ, ಶರಣು ಹೇಳಿ, ಅರ್ಧ ಗಂಟೆ ಸುಮ್ಮನೆ ಕೂರುತ್ತಾರೆ. ಆಮೇಲೆ ನಲ್ಲಿಯಲ್ಲಿ ನೀರು ಯಾಕೆ ಬರಲಿಲ್ಲ, ಯಾರ ಮಗಳು ಸ್ಕೂಲ್ ಬಿಟ್ಟಳು ಎನ್ನುವ ಮಾತು. ನಾನು ಕೂತರೆ ಗೊರಕೆ ಹೊಡೆಯುತ್ತಿದ್ದೆ. ಹೋದ ವರ್ಷದ ಹೊತ್ತಿಗೆ ಬರುವವರು ಹನ್ನೊಂದು ಜನ ಉಳಿದಿದ್ದರು. ಅದರಲ್ಲಿ ಒಂಬತ್ತು ಜನಕ್ಕೆ ಹಲ್ಲಿರಲಿಲ್ಲ.

“ನಾನು ಹೋದ ಮೇಲೆ ಇಲ್ಲಿಗೆ ಬೀಗ ಬೀಳುತ್ತೆ ಕಣೆ,” ಎಂದು ಅತ್ತೆ ಆಗಾಗ ಹೇಳುತ್ತಿದ್ದರು.

ಒಂದು ದಿನ ಗವಸು ಕುಕ್ಕುತ್ತಾ ಆ ರಾಗವನ್ನು ಗುನುಗುತ್ತಿದ್ದೆ. ನನಗೇ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಉಸಿರಪ್ಪ ನಿಂತಿದ್ದಾನೆ. ಏಳು ವರ್ಷದಲ್ಲಿ ಅವನ ಕಾಲು ಆ ಕೋಣೆಗೆ ಬಿದ್ದದ್ದು ಅದೇ ಮೊದಲು. ಕೆಲಸ ಹೋಯಿತು ಎಂದುಕೊಂಡೆ.

“ಇದು ಎಲ್ಲಿಯದು?” ಎಂದ.

“ನಮ್ಮ ಅತ್ತೆ ಹೇಳೋದು ಸಾರ್. ತಪ್ಪಾಯ್ತು.”

“ಇಲ್ಲ ಇಲ್ಲ. ಅದ್ಭುತ. ನಡುವೆ ಉಸಿರು ನಿಲ್ಲುತ್ತಲ್ಲ, ಆ ವಿರಾಮ... ಅದು ಯಾವ ಪರಂಪರೆ?”

“ಗಾಡಿ ದಬ್ಬೋದು ಸಾರ್.”

ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ.

ಆ ತಿಂಗಳ ಕೊನೆಗೆ ಅಲ್ಲಿ ದೊಡ್ಡ ಸಮ್ಮೇಳನವಿತ್ತು. ‘ಆಧುನಿಕ ಜಗತ್ತಿನಲ್ಲಿ ಬೌದ್ಧ ಸಾಧನೆಯ ಭವಿಷ್ಯ’ ಎಂದು ಬಾಗಿಲಿಗಿಂತ ದೊಡ್ಡ ಬಟ್ಟೆಯ ಮೇಲೆ ಬರೆಸಿದ್ದರು. ಆ ಭವಿಷ್ಯಕ್ಕೆ ಇಸ್ತ್ರಿ ಹಾಕಿದವಳು ನಾನೇ. ಅವತ್ತು ಉಸಿರಪ್ಪ ಒಂದು ಆ್ಯಪ್ ಹೊರಗೆ ತರುವವನಿದ್ದ. ಮೊಬೈಲಿನಲ್ಲಿ ಚಂದಾ ಕಟ್ಟಿದರೆ ಬುದ್ಧ ಕಿವಿಯೊಳಗೇ ಬಂದು ಕೂರುತ್ತಾನಂತೆ. ಅದನ್ನು ತೆರೆದ ಕೂಡಲೇ ಕೇಳಿಸಲು ಒಂದು ದನಿ ಬೇಕಾಗಿತ್ತು. ಹಳೆಯ ದನಿ, ಅಸಲಿ ದನಿ. ಚಿಟಿಕೆ ನನ್ನನ್ನು ಕರೆದು, “ನಿಮ್ಮತ್ತೆನ ಕರ್ಕೊಂಡು ಬಾ, ಎಲ್ಲರ ಮುಂದೆ ಹೇಳ್ಲಿ, ರೆಕಾರ್ಡ್ ಮಾಡ್ಕೋತಾರೆ,” ಎಂದ.

ಮನೆಯಲ್ಲಿ ಹೇಳಿದೆ. ನನ್ನ ಗಂಡ ಲಾರಿಗೆ ಮೂಟೆ ಏರಿಸುವವನು. ಬೆನ್ನು ಹಿಡಿದುಕೊಂಡು ಆರು ತಿಂಗಳಿಂದ ಮಲಗಿದ್ದ. ಮಲಗಿದಲ್ಲಿಂದಲೇ ನಕ್ಕ.

“ಅಮ್ಮ ಸ್ಟಾರ್ ಆಗ್ತಾಳೆ ಬಿಡು.”

ಅತ್ತೆ ನಗಲಿಲ್ಲ. “ಅದರಲ್ಲಿ ಹಾಕಿದ್ರೆ ನಾನು ಸತ್ತ ಮೇಲೂ ಕೇಳಿಸುತ್ತಾ?” ಎಂದರು.

“ಕೇಳಿಸುತ್ತೆ ಅತ್ತೆ.”

“ನಮ್ಮ ಮಕ್ಕಳು ಮೊಮ್ಮಕ್ಕಳಿಗೂ?”

“ಮೊಬೈಲ್ ಇದ್ದೋರಿಗೆಲ್ಲ.”

“ಹಾಗಾದ್ರೆ ಹೋಗೋಣ,” ಎಂದರು.

ಆ ದಿನ ಅತ್ತೆ ಎರಡು ಸಲ ಸ್ನಾನ ಮಾಡಿದರು. ಪೆಟ್ಟಿಗೆಯ ತಳದಲ್ಲಿದ್ದ ನೀಲಿ ಬಟ್ಟೆ ತೆಗೆದು ಉಟ್ಟರು. ಮಾವ ಕೊಡಿಸಿದ್ದು. ಗೇಟಿನಲ್ಲಿ ಕಾವಲಿನವನು ನಮ್ಮನ್ನು ಹಿಂದಿನ ಬಾಗಿಲಿಗೆ ಕಳಿಸಿದ. ಹಿಂದಿನ ಬಾಗಿಲಲ್ಲಿ ಚಿಟಿಕೆ ಒಂದು ಬಿಳಿ ನಿಲುವಂಗಿ ಹಿಡಿದು ನಿಂತಿದ್ದ.

“ಅಜ್ಜಿ, ಕೈಕಾಲು ಮುಖ ಸೋಪ್ ಹಾಕಿ ತೊಳ್ಕೊಂಡು ಇದನ್ನ ಹಾಕ್ಕೊ.”

“ಸ್ನಾನ ಮಾಡ್ಕೊಂಡೇ ಬಂದಿದೀನಪ್ಪ.”

“ಇನ್ನೊಂದು ಸಲ. ಒಳಗೆ ದೊಡ್ಡ ದೊಡ್ಡ ಜನ ಇದ್ದಾರೆ.”

ಕೆಲಸದವರ ನಲ್ಲಿಯ ಕೆಳಗೆ ಅತ್ತೆ ಮೂರನೆಯ ಸಲ ತೊಳೆದುಕೊಂಡರು. ನಾನು ಟವೆಲ್ ಹಿಡಿದು ನಿಂತಿದ್ದೆ. ಅಲ್ಲೇ ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಒಳಗೆ ಹೋಗುವ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕು ಎಂದು ತಂದರು. ಅತ್ತೆ ಅಕ್ಷರ ಕಲಿತದ್ದು ಮೂವತ್ತನೆಯ ವಯಸ್ಸಿನಲ್ಲಿ, ನಮ್ಮ ತಗಡಿನ ಕೋಣೆಯಲ್ಲಿ. ಓದದೆ ಸಹಿ ಹಾಕಬಾರದು ಎನ್ನುವುದು ಅಲ್ಲಿ ಕಲಿಸಿದ ಮೊದಲ ಪಾಠ. “ಕನ್ನಡಕ ಮನೇಲಿ ಬಿಟ್ಟು ಬಂದೆ, ನಾಳೆ ಓದಿ ಹಾಕ್ತೀನಿ,” ಎಂದರು. ಹೊತ್ತಾಗಿತ್ತು. ಆಗಲಿ ಎಂದು ಬಿಟ್ಟರು.

ನಾನು ಪಕ್ಕದ ಓಣಿಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತೆ. ಒಳಗೆ ಒಬ್ಬ ಮಾತಾಡುತ್ತಿದ್ದ. ಬುದ್ಧನನ್ನು ಬೌದ್ಧರಿಂದ ಬಿಡಿಸಬೇಕು ಎಂದ. ಜನ ಚಪ್ಪಾಳೆ ತಟ್ಟಿದರು. ಇನ್ನೊಬ್ಬಳು ಧ್ಯಾನ ಮಾಡುವವರ ಮಿದುಳಿನ ಫೋಟೋ ತೋರಿಸಿ, ಕರುಣೆ ಇರುವ ಜಾಗ ಇದೇ ನೋಡಿ ಎಂದು ಕೋಲಿನಲ್ಲಿ ತಟ್ಟಿದಳು. ಕಡಲೆಕಾಯಿಯಷ್ಟು ಜಾಗ. ಮೂರನೆಯವನು ಉಸಿರನ್ನು ಎಣಿಸುವ ಕುರ್ಚಿ ಮಾರುವವನು. ಎಲ್ಲರಿಗೂ ನಾಳೆಯದೇ ಚಿಂತೆ.

ಆಮೇಲೆ ಅತ್ತೆಯನ್ನು ಮೊದಲ ಸಾಲಿನ ನಡುವಿನ ಮೆತ್ತೆಯ ಮೇಲೆ ಕೂರಿಸಿದರು. ಮೈಕು ಇಟ್ಟರು. ಅತ್ತೆ ಶರಣು ಹೇಳಿದರು.

ಆ ದನಿಯನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಅವತ್ತಿನಂತೆ ಕೇಳಿರಲಿಲ್ಲ. ಆ ದೊಡ್ಡ ಹಾಲ್ ತುಂಬ ದಿಬ್ಬ ಎದ್ದು ನಿಂತಿತು. ಗಾಡಿಯ ಚಕ್ರ ಕಲ್ಲಿಗೆ ಸಿಕ್ಕಿಕೊಂಡಿತು. ಉಸಿರು ಕಟ್ಟಿತು. ಮತ್ತೆ ದಬ್ಬಿದರು. ಇನ್ನೂರು ಜನ ಕಣ್ಣು ಮುಚ್ಚಿಕೊಂಡು ಅತ್ತರು. ಗವಸುಗಳ ಮೇಲೆ ಹನಿ ಬೀಳುವುದು ನನಗೆ ಕಾಣುತ್ತಿತ್ತು. ಉಸಿರಪ್ಪ ದೂರದಿಂದಲೇ ಕೈ ಮುಗಿದ.

ಟೀ ಹೊತ್ತಾಯಿತು. ಅತಿಥಿಗಳಿಗೆ ಪಿಂಗಾಣಿ ಕಪ್ಪು. ಅತ್ತೆಗೆ ಹಿತ್ತಲ ಕಟ್ಟೆಯ ಮೇಲೆ ಕಾಗದದ ಲೋಟ. ಅತ್ತೆಗೆ ಅದೂ ಖುಷಿಯೇ. “ಚೆನ್ನಾಗಿ ಹೇಳಿದ್ನಾ?” ಎಂದು ಮಗುವಿನ ಹಾಗೆ ಕೇಳುತ್ತಿದ್ದರು. ಅಷ್ಟರಲ್ಲಿ ಒಂದು ಚಿಟಿಕೆ.

ಚಿಟಿಕೆಯ ಕೈಯಲ್ಲಿ ಒಂದು ಮೆತ್ತೆ. ಎರಡು ಬೆರಳಲ್ಲಿ ಅದರ ಮೂಲೆ ಹಿಡಿದುಕೊಂಡಿದ್ದ. ತಂದು ನನ್ನ ಕೈಗೆ ಹಾಕಿದ.

“ಇದರ ಗವಸು ತೆಗೆದು ಈಗಲೇ ಒಗಿ. ಒಳಗಿನ ಹತ್ತಿನೂ ಬಿಸಾಕು. ಹೊಸ ಹತ್ತಿ ತುಂಬಿ ಬೇರೆ ಗವಸು ಹಾಕ್ಕೊಂಡು ಬಾ. ಬೇಗ.”

“ಇದೊಂದೇನಾ?”

“ಇದೊಂದೇ.”

“ಯಾಕೆ? ಶಿಬಿರ ಮುಗಿದ ಮೇಲಲ್ವಾ ಒಗಿಯೋದು?”

“ಹನ್ನೊಂದು ಗಂಟೆಗೆ ಅಲ್ಲಿ ದೊಡ್ಡ ಮನುಷ್ಯರು ಕೂರ್ತಾರೆ. ಆ್ಯಪ್‌ಗೆ ದುಡ್ಡು ಹಾಕಿರೋರು.”

“ಅಕ್ಕಪಕ್ಕದ್ದರ ಮೇಲೂ ಬೆಳಿಗ್ಗೆಯಿಂದ ಜನ ಕೂತಿದ್ದಾರಲ್ಲ. ಅದು?”

“ಅದು ಬೇರೆ.”

“ಹೇಗೆ ಬೇರೆ?”

ಅವನು ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದ. “ನಿಂಗೆ ಗೊತ್ತಿಲ್ವಾ? ನನ್ನ ಬಾಯಲ್ಲೇ ಹೇಳಿಸ್ತೀಯಾ? ಮೇಲಿಂದ ಬಂದ ಮಾತು ಕಣೆ, ನಂದಲ್ಲ. ಕ್ಲೀನಿಂಗ್ ಅಷ್ಟೆ. ಬೇರೆ ಏನೂ ಅಂದ್ಕೋಬೇಡ.”

ನನ್ನ ಅಂಗೈ ಮೆತ್ತೆಯ ಮೇಲಿತ್ತು. ಅದು ಇನ್ನೂ ಬೆಚ್ಚಗಿತ್ತು. ಅತ್ತೆ ಎದ್ದು ಹತ್ತು ನಿಮಿಷವೂ ಆಗಿರಲಿಲ್ಲ.

ಅತ್ತೆಗೆ ಎಲ್ಲ ಕೇಳಿಸಿತ್ತು. ಲೋಟದಲ್ಲಿದ್ದ ಟೀಯನ್ನು ನಿಧಾನವಾಗಿ ನೆಲಕ್ಕೆ ಸುರಿದರು. ನನ್ನ ಮುಖ ನೋಡದೆ ಹೇಳಿದರು:

“ಒಗ್ದು ಬಿಡಮ್ಮ. ನಿನ್ನ ಕೆಲಸ ಅದು. ಮನೇಲಿ ಅವನು ಮಲಗಿದ್ದಾನೆ.”

ನಾನು ಒಗೆಯುವ ಕೋಣೆಯ ಕಡೆ ನಾಲ್ಕು ಹೆಜ್ಜೆ ಹೋದೆ. ಸುಳ್ಳು ಯಾಕೆ ಹೇಳಲಿ, ಹೋದೆ. ತೊಟ್ಟಿ ಕಂಡಿತು. ನೀರು ತುಂಬಿತ್ತು. ಏಳು ವರ್ಷ ಇವರ ಸಿಂಬಳ ತಿಕ್ಕಿದ ಕೈ. ಈಗ ನಮ್ಮತ್ತೆಯ ಮೈ ಬಿಸಿಯನ್ನು ತಿಕ್ಕಬೇಕು. ತಿಕ್ಕಿ, ಹಿಂಡಿ, ಒಣಗಿಸಿ, ಹೋಯಿತು ಸಾರ್ ಎಂದು ಒಪ್ಪಿಸಬೇಕು. ನನ್ನ ಕೈ ಮೆತ್ತೆಯನ್ನು ನೀರಿಗೆ ಬಿಡಲಿಲ್ಲ. ನಾನು ಯೋಚನೆ ಮಾಡಿ ಏನೂ ಮಾಡಲಿಲ್ಲ. ಕೈಯೇ ಮಾಡಿತು. ತಿರುಗಿದೆ.

“ಒಗಿಯಲ್ಲ,” ಎಂದೆ.

“ಏನು?”

“ಒಗಿಯಲ್ಲ. ನೀನು ಒಗಿ. ಇಲ್ಲ ನಿನ್ನ ಮೇಲಿನವರು ಬಂದು ಒಗೀಲಿ.”

ಅವನನ್ನು ದಾಟಿಕೊಂಡು ಹೋದೆ. ಅತ್ತೆ ಹಿಂದಿನಿಂದ “ಏ, ನಿಲ್ಲೇ” ಎಂದರು. ನಿಲ್ಲಲಿಲ್ಲ.

ಹಾಲಿನಲ್ಲಿ ಆಗಲೇ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. ಮಾತುಗಳ ನಡುವೆ ಅರ್ಧ ಗಂಟೆ ಮೌನ. ಮೊದಲ ಸಾಲಿನ ನಡುವೆ ಖಾಲಿ ಜಾಗ. ಅದರ ಪಕ್ಕ ಒಬ್ಬ ದಪ್ಪನೆಯ ಮನುಷ್ಯ ಎಲ್ಲಿ ಕೂರುವುದು ತಿಳಿಯದೆ ನಿಂತಿದ್ದ. ನಾನು ಬರಿಗಾಲಲ್ಲಿ ಬಂದದ್ದು ಯಾರಿಗೂ ಕೇಳಿಸಲಿಲ್ಲ. ಹಾಗೆ ನಡೆಯುವುದನ್ನು ಅವರೇ ಕಲಿಸಿದ್ದರು. ಮೆತ್ತೆಯನ್ನು ಆ ಜಾಗದಲ್ಲಿಟ್ಟು ಅದರ ಮೇಲೆ ಕೂತೆ. ದಪ್ಪನೆಯವನು ಹಿಂದಿನ ಸಾಲಿಗೆ ಸರಿದು ಅವನೂ ಕಣ್ಣು ಮುಚ್ಚಿ ಕೂತ. ಅಷ್ಟು ವರ್ಷ ಒಗೆದಿದ್ದೆ. ಕೂತದ್ದು ಅದೇ ಮೊದಲು. ಮೆತ್ತಗಿತ್ತು.

“ಕೇಳಿ ಇಲ್ಲಿ,” ಎಂದೆ. ನನ್ನ ದನಿ ಆ ಗೋಡೆಗಳಿಗೆ ಬಡಿದು ಎರಡು ಪಾಲಾಗಿ ವಾಪಸ್ ಬಂತು. “ಇದರ ಮೇಲೆ ನಮ್ಮತ್ತೆ ಕೂತಿದ್ರು. ನೀವೆಲ್ಲ ಅತ್ರಲ್ಲ, ಅವರು ಹೇಳಿದ್ದು ಕೇಳಿ. ಅವರು ಕೂತ್ರು ಅಂತ ಇದನ್ನ ಒಗೀಬೇಕಂತೆ. ಇದೊಂದನ್ನೇ. ಒಳಗಿನ ಹತ್ತಿ ಬಿಸಾಕಬೇಕಂತೆ. ನಿಮ್ಮ ಇನ್ನೂರು ಮೆತ್ತೆ ಹತ್ತು ದಿನ ನಾರ್ತಾ ಬಿದ್ದಿರುತ್ತೆ. ಒಗಿಯೋಳು ನಾನು, ನಂಗೆ ಗೊತ್ತು ನಿಮ್ಮ ನಾತ. ಯಾರು ಹೇಳಿದ್ದು ಇದನ್ನ? ಯಾರು?”

ಒಂದು ಕಣ್ಣೂ ತೆರೆಯಲಿಲ್ಲ. ನಿಜ ಹೇಳುತ್ತೇನೆ, ಒಂದೂ ಇಲ್ಲ. ಮೂರನೆಯ ಸಾಲಿನಲ್ಲಿ ಒಬ್ಬಳ ರೆಪ್ಪೆ ಅದುರಿತು. ಅವಳು ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡಳು. ಮಿದುಳಿನ ಫೋಟೋ ತೋರಿಸಿದವಳ ಕಡೆ ನೋಡಿದೆ. ಅವಳ ಕರುಣೆ ಆ ಕಡಲೆಕಾಯಿಯೊಳಗೇ ಇತ್ತು, ಸಿಪ್ಪೆ ಬಿಡಿಸಿಕೊಂಡು ಹೊರಗೆ ಬರಲಿಲ್ಲ. ಸ್ಟೇಜಿನ ಮೇಲಿಂದ ಉಸಿರಪ್ಪನ ದನಿ ಮೈಕಿನಲ್ಲಿ ಬಂತು. ಬೆಣ್ಣೆಯಂಥ ದನಿ.

“ಒಂದು ಶಬ್ದ ಬಂದಿದೆ. ಅದರ ಹಿಂದೆ ಹೋಗಬೇಡಿ. ಶಬ್ದ ಬರುತ್ತದೆ, ಹೋಗುತ್ತದೆ. ಉಸಿರನ್ನು ಗಮನಿಸಿ.”

ಇನ್ನೂರು ಮೂಗುಗಳು ಒಟ್ಟಿಗೆ ಉಸಿರೆಳೆದವು.

“ಹೋಗಲ್ಲ,” ಎಂದೆ. “ಯಾರು ಹೇಳಿದ್ದು ಅಂತ ಹೇಳಿ. ಹೋಗ್ತೀನಿ.”

ಮತ್ತೆ ಉಸಿರು. ಎಳೆದರು, ಬಿಟ್ಟರು. ಅಷ್ಟು ಜನರ ನಡುವೆ ಕೂತು ಅರಚುತ್ತಿದ್ದೆ, ಒಬ್ಬರಿಗೂ ನಾನು ಇರಲಿಲ್ಲ. ಬೈದಿದ್ದರೆ ಬೈಸಿ­ಕೊಳ್ಳುತ್ತಿದ್ದೆ. ಹೊಡೆದಿದ್ದರೆ ತಿರುಗಿಸಿ ಹೊಡೆಯುತ್ತಿದ್ದೆ. ಇವರು ನನ್ನನ್ನು ಗಮನಿಸಿ ಬಿಟ್ಟುಬಿಡುತ್ತಿದ್ದರು. ನೊಣವನ್ನು ಬಿಡುವ ಹಾಗೆ.

ಆಗ ಅತ್ತೆ ಒಳಗೆ ಬಂದರು. ಬಿಳಿ ನಿಲುವಂಗಿ ಬಿಚ್ಚಿ, ತಮ್ಮ ನೀಲಿ ಬಟ್ಟೆ ಉಟ್ಟಿದ್ದರು. ಚಪ್ಪಲಿ ಹಾಕಿಕೊಂಡಿದ್ದರು. ಸಾಲುಗಳ ನಡುವೆ ಪಟಪಟ ಎನ್ನಿಸಿಕೊಂಡು ನಡೆದು, ಮೆಟ್ಟಿಲು ಹತ್ತಿ, ಮಡಚಿದ ನಿಲುವಂಗಿಯನ್ನು ಉಸಿರಪ್ಪನ ತೊಡೆಯ ಮೇಲೆ ಇಟ್ಟರು. ಅವನು ಕಣ್ಣು ತೆರೆದ. ಆ ಹಾಲಿನಲ್ಲಿ ಕಣ್ಣು ತೆರೆದವನು ಅವನೊಬ್ಬನೇ. ತೊಡೆ ಸರಕ್ಕನೆ ಹಿಂದೆ ಸರಿಯಿತು. ಅದನ್ನು ಅತ್ತೆಯೂ ನೋಡಿದರು, ನಾನೂ ನೋಡಿದೆ. ಯಾರು ಹೇಳಿದ್ದು ಎಂದು ಆಮೇಲೆ ಕೇಳಬೇಕಾಗಲಿಲ್ಲ.

“ತಗೊಳಪ್ಪ ನಿನ್ನ ಬಟ್ಟೆ,” ಎಂದರು ಅತ್ತೆ. “ನಾನು ಒಂದು ಗಂಟೆ ಹಾಕ್ಕೊಂಡಿದ್ದೆ. ಇದನ್ನೂ ಒಗೆಸಿಬಿಡು. ನನ್ನ ಸೊಸೆ ಮಾತ್ರ ಒಗಿಯಲ್ಲ.”

“ಅಮ್ಮಾ, ಹೊರಗೆ ಹೋಗಿ ಮಾತಾಡೋಣ,” ಎಂದ. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು.

“ಹೊರಗೇ ಇದ್ವಲ್ಲಪ್ಪ ಇಷ್ಟು ವರ್ಷ.”

ಕಾವಲಿನವರು ಬಂದರು. ಮುಟ್ಟಲಿಲ್ಲ. ಕೋಲಿನಲ್ಲಿ ದಾರಿ ತೋರಿಸಿದರು. ನಾವು ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದೆವು. ಗೇಟಿನ ಹತ್ತಿರ ಬಂದಾಗ ಮೂರನೆಯ ಸಾಲಿನವಳು ಹಿಂದೆ ಓಡಿ ಬಂದಳು. ಕಣ್ಣು ಕೆಂಪಾಗಿತ್ತು.

“ನಿಮ್ಮ ನೋವು ನನಗೆ ತುಂಬಾ ಅರ್ಥ ಆಗುತ್ತೆ,” ಎಂದು ಅತ್ತೆಗೆ ಕೈ ಮುಗಿದಳು.

“ಅರ್ಥ ಆಗಿದ್ರೆ ಒಳಗೆ ಕಣ್ಣು ಯಾಕಮ್ಮ ತೆಗೀಲಿಲ್ಲ?”

“ಅದು... ಗಂಟೆ ಹೊಡೆಯೋವರೆಗೂ ತೆಗೀಬಾರದು ಅಂತ ನಿಯಮ.”

ಅತ್ತೆ ಅವಳ ತಲೆಯ ಮೇಲೆ ಕೈ ಇಟ್ಟರು. “ಹೋಗು ತಾಯಿ. ಗಂಟೆ ಹೊಡೀತಾರೆ.”

ಮಾರನೆಯ ದಿನ ಚಿಟಿಕೆ ಫೋನ್ ಮಾಡಿ ಯೂನಿಫಾರ್ಮ್ ತಂದುಕೊಡು ಎಂದ. ಬಂದು ತಗೊಂಡು ಹೋಗು ಎಂದೆ. ನನ್ನ ಗಂಡ ಗೋಡೆಯ ಕಡೆ ತಿರುಗಿ ಮಲಗಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, “ಅತ್ತೆ ಸೊಸೆ ಜಗಳ ಆಡೋ ಮನೆಗಳಲ್ಲಿ ಗಂಡಸರು ಎಷ್ಟು ಸುಖವಾಗಿರ್ತಾರೆ,” ಎಂದ. ಆಮೇಲೆ ಅವನೇ ಎದ್ದು, ಗೋಡೆ ಹಿಡಿದುಕೊಂಡು, ನನಗೆ ಟೀ ಮಾಡಿಕೊಟ್ಟ. ಅರ್ಧ ಚೆಲ್ಲಿತ್ತು.

ಒಂದು ತಿಂಗಳು ಕೆಲಸ ಸಿಗಲಿಲ್ಲ. ಸುಮ್ಮನಿರೋ ಮನೆಯವರು ನಾಲ್ಕು ಕಡೆ ಹೇಳಿಟ್ಟಿದ್ದರು. ಕೊನೆಗೆ ಆಸ್ಪತ್ರೆಯ ಒಗೆಯುವ ಕೋಣೆ ಸಿಕ್ಕಿತು. ರಕ್ತ, ಕೀವು, ಸುಡುವ ನೀರು. ಬೆನ್ನು ಬೀಳುವ ಕೆಲಸ. ಆದರೆ ಅಲ್ಲಿ ಯಾರು ಮಲಗಿದ್ದ ಹಾಸಿಗೆ ಎಂದು ಕೇಳಿ ಒಗೆಯುವುದಿಲ್ಲ. ಎಲ್ಲವನ್ನೂ ಒಗೆಯುತ್ತಾರೆ.

ಅತ್ತೆ ಒಂದು ವಾರ ತಗಡಿನ ಕೋಣೆಗೆ ಹೋಗಲಿಲ್ಲ. ಬಾಗಿಲು ತೆರೆಯುವವರಿಲ್ಲದೆ ಮುದುಕರು ಬಂದು ಬಂದು ಹೋದರು. ಎಂಟನೆಯ ದಿನ ಸಂಜೆ ನನ್ನನ್ನು ಕರೆದರು.

“ಬಾ, ಶರಣು ಹೇಳು.”

“ನಂಗೆ ಬರಲ್ಲ ಅತ್ತೆ. ನಾನು ನಿದ್ದೆ ಮಾಡೋಳು.”

“ಅಲ್ಲಿ ಇನ್ನೂರು ಜನರ ಮುಂದೆ ಬಾಯಿ ಬಂತು. ಇಲ್ಲಿ ಹನ್ನೊಂದು ಜನರ ಮುಂದೆ ಬರಲ್ವಾ?”

ಹೇಳಿದೆ. ಕಾಗೆ ಕೂಗಿದ ಹಾಗಿತ್ತು. ಮುದುಕರು ನಕ್ಕರು. ದಿನಾ ಹೇಳಿದೆ. ಆಸ್ಪತ್ರೆಯಲ್ಲಿ ಒದ್ದೆ ಬಟ್ಟೆಯ ಗಾಡಿ ದಬ್ಬುವಾಗ ಹೇಳಿಕೊಂಡೆ. ಎಲ್ಲಿ ನಿಲ್ಲಬೇಕು ಎನ್ನುವುದು ಅಲ್ಲಿ ಗೊತ್ತಾಯಿತು. ನನ್ನ ಜೊತೆ ಗಾಡಿ ದಬ್ಬುವ ಇಬ್ಬರು ಹೆಂಗಸರು, ಅದೇನು ಹೇಳ್ತೀಯೇ, ನಮಗೂ ಕಲಿಸು ಎಂದು ಸಂಜೆ ಕೇರಿಗೆ ಬರತೊಡಗಿದರು.

ಎರಡು ತಿಂಗಳ ಮೇಲೆ, ನನ್ನ ರಜೆಯ ದಿನ, ಮಧ್ಯಾಹ್ನ, ಕೇರಿಯೊಳಗೆ ಒಂದು ಉದ್ದನೆಯ ಬಿಳಿ ಕಾರು ಬಂತು. ಉಸಿರಪ್ಪ ಇಳಿದ. ಹಿಂದೆ ಕಾಗದಪತ್ರಗಳ ಚೀಲ ಹಿಡಿದುಕೊಂಡು ಚಿಟಿಕೆ. ಸಹಿ ಇಲ್ಲದೆ ದನಿ ಬಳಸುವಂತಿಲ್ಲ ಎಂದು ಅವರ ವಕೀಲರು ಹೇಳಿದ್ದರಂತೆ. ಬೇರೆ ಮುದುಕಿಯರಿಂದ ಹೇಳಿಸಿ ನೋಡಿದರಂತೆ, ಆ ಉಸಿರು ಬರಲಿಲ್ಲವಂತೆ.

ಅತ್ತೆ ಅವನನ್ನು ತಗಡಿನ ಕೋಣೆಯಲ್ಲೇ ಕೂರಿಸಿದರು. ಚಾಪೆ ಹಾಸಿದರು. ಚಿಟಿಕೆ ಬಾಗಿಲ ಹೊರಗೆ ನಿಂತ. ಉಸಿರಪ್ಪ ಸಿಮೆಂಟ್ ಬುದ್ಧನನ್ನು ನೋಡಿ, “ಎಷ್ಟು ಮುಗ್ಧವಾಗಿದೆ. ಇದನ್ನ ನಮ್ಮ ಹಾಲಿನಲ್ಲಿ ಇಡಬಹುದಲ್ಲ,” ಎಂದ.

“ಅಮ್ಮಾ, ಅವತ್ತು ನಡೆದದ್ದು ನನಗೆ ಗೊತ್ತೇ ಇರಲಿಲ್ಲ. ಕೆಳಗಿನವರು ಮಾಡಿದ ತಪ್ಪು.”

ನಾನು ಚಿಟಿಕೆಯ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಅವನ ಬೆರಳು ಒಂದಕ್ಕೊಂದು ಉಜ್ಜುತ್ತಿತ್ತು, ಸದ್ದು ಮಾಡಲಿಲ್ಲ.

“ನಿಮ್ಮ ದನಿ ಲಕ್ಷಾಂತರ ಜನಕ್ಕೆ ತಲುಪುತ್ತೆ ಅಮ್ಮಾ. ಇಲ್ಲಿ ಎಷ್ಟು ಜನ ಬರ್ತಾರೆ?”

“ಹದಿಮೂರು.”

“ನೋಡಿ. ನೀವು ಹೋದ ಮೇಲೆ ಇದೆಲ್ಲ ಉಳಿಯೋದು ಹೇಗೆ?”

ಅವನಿಗೆ ಗೊತ್ತಿಲ್ಲದೆಯೇ ಅವನ ಬೆರಳು ಸರಿಯಾದ ಗಾಯದ ಮೇಲೆ ಬಿದ್ದಿತ್ತು. ಅತ್ತೆ ಕಾಗದ ಇಸಿದುಕೊಂಡರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಒಂದೊಂದೇ ಅಕ್ಷರ, ತುಟಿ ಆಡಿಸುತ್ತಾ. ಅವನು ಕಾದ. ಓದಿ ಮುಗಿಸಿ ಕಾಗದವನ್ನು ಚಾಪೆಯ ಮೇಲಿಟ್ಟು ಕೇಳಿದರು:

“ನಿಂಗೆ ಇದು ನಿಜವಾಗ್ಲೂ ಬೇಕೇನಪ್ಪ?”

“ಬೇಕು ಅಮ್ಮಾ. ಇದೇ ಭವಿಷ್ಯ.”

“ಹಾಗಾದ್ರೆ ಕಲಿ. ನಾನು ಹೇಳಿಕೊಡ್ತೀನಿ. ಇಲ್ಲಿ ಒಂದೇ ಒಂದು ಕಟ್ಟಳೆ, ನಮ್ಮ ಯಜಮಾನರು ಹಾಕಿದ್ದು. ಬರೋರೆಲ್ಲ ಸರದಿ ಮೇಲೆ ನೆಲ ಒರೆಸಬೇಕು, ಚಾಪೆ ಒಗೀಬೇಕು, ಹಿಂದಿನ ಕಕ್ಕಸು ತೊಳೀಬೇಕು. ಸ್ಕೂಲ್ ಮೇಷ್ಟ್ರೂ ತೊಳೀತಾರೆ, ನಾನೂ ತೊಳೀತೀನಿ. ಇವತ್ತಿನ ಸರದಿ ನಿಂದು ಅಂತ ಇಟ್ಕೋ. ತೊಳ್ಕೊಂಡು ಬಾ. ಸಹಿ ಹಾಕ್ತೀನಿ. ಸುಳ್ಳಲ್ಲ.”

ಎದ್ದು ಹೋಗಿ ಬ್ರಷ್ಷು ಬಕೆಟ್ಟು ತಂದು ಅವನ ಮುಂದಿಟ್ಟರು. ಅಣಕವಿರಲಿಲ್ಲ. ಅತ್ತೆಯ ಮುಖ ನನಗೆ ಗೊತ್ತು. ಅವನು ಒಪ್ಪಿದ್ದರೆ ಅವರು ಸಹಿ ಹಾಕುತ್ತಿದ್ದರು. ನನ್ನ ಹೊಟ್ಟೆ ಉರಿದರೂ ಹಾಕುತ್ತಿದ್ದರು.

ಉಸಿರಪ್ಪ ಬ್ರಷ್ಷನ್ನು ನೋಡಿದ. ಹಿಂದಿನ ಬಾಗಿಲನ್ನು ನೋಡಿದ. ಅವನ ಮೂಗಿನ ಹೊಳ್ಳೆ ಮುಚ್ಚಿಕೊಂಡಿತು. ಅಷ್ಟು ವರ್ಷದಲ್ಲಿ ಅವನು ಉಸಿರು ಹಿಡಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಮುಗುಳ್ನಕ್ಕ.

“ಬಹಳ ಒಳ್ಳೆ ವಿಚಾರ ಅಮ್ಮಾ. ಖಂಡಿತ. ನಾಳೆ ಬೆಳಿಗ್ಗೆ ತೊಳೆಯೋಕೆ ಒಬ್ಬನ್ನ ಕಳಿಸ್ತೀನಿ.”

ಅತ್ತೆ ಕನ್ನಡಕ ತೆಗೆದು ಮಡಚಿದರು.

“ಕಳಿಸು. ಸಹಿನೂ ಅವನ ಕೈಲೇ ಹಾಕಿಸ್ಕೊ.”

ನಮ್ಮ ಕೇರಿಯಲ್ಲಿ ಕಾರು ತಿರುಗಿಸುವಷ್ಟು ಜಾಗವಿಲ್ಲ. ಮನೆಗಳ ಮುಂದೆ ಬಕೆಟ್ಟುಗಳು, ಹಗ್ಗದ ಮೇಲೆ ಒಣಗಿದ ಬಟ್ಟೆ, ಕುಕ್ಕರುಗಾಲಲ್ಲಿ ಕೂತ ಜನ. ಯಾರೂ ಏಳಲಿಲ್ಲ, ಏನನ್ನೂ ಸರಿಸಲಿಲ್ಲ. ಆ ಉದ್ದನೆಯ ಬಿಳಿ ಕಾರು ಒಂದೊಂದು ಮನೆಯ ಮುಂದೆಯೂ ನಿಂತು ನಿಂತು, ಬಂದ ದಾರಿಯಲ್ಲಿ ಮೂಲೆಯವರೆಗೂ ಹಿಂದಕ್ಕೆ ಹಿಂದಕ್ಕೇ ಹೋಯಿತು.